ಎದೆಯ ಮೇಲಿನ ಹೊಲಿಗೆ: ಗಾಯದ ಗುರುತಿನ ಒಂದು ಚರಿತ್ರೆ

ಈ ಸಲದ ಇ-ಸ್ಮರಣ ಸಂಚಿಕೆಗೆ ಆರೋಗ್ಯದ ಇತಿಹಾಸದ ಬಗ್ಗೆ ಒಂದು ಲೇಖನ ಕೊಡಿ ಎಂದು ನಮ್ಮ ಮಹಿಳಾ ವೇದಿಕೆಯ ಅಕ್ಕಂದಿರು ಕೇಳಿದಾಗ, ಸಿಡುಬಿನ ಲಸಿಕೆಯ ಬಗ್ಗೆ ಬರೆಯುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಅದು ಸುಲಭದ ವಿಷಯ, ಯಾರೂ ಹುಬ್ಬೇರಿಸುವುದಿಲ್ಲ. ಎರಡು ಪುಟ ಬರೆದೂ ಆಗಿತ್ತು. ಆದರೆ ಕಳೆದ ಮೂರು ವರ್ಷಗಳಿಂದ ನಾನು ನಿಜವಾಗಿ ಓದುತ್ತಿದ್ದದ್ದು ಬೇರೆಯದೇ ಚರಿತ್ರೆ. ಅದನ್ನು ಬಿಟ್ಟು ಇನ್ನೊಂದನ್ನು ಬರೆಯಲು ಮನಸ್ಸು ಒಪ್ಪಲಿಲ್ಲ.

ಮೂರು ವರ್ಷಗಳ ಹಿಂದೆ ಇಲ್ಲೇ ಪುಣೆಯಲ್ಲಿ ನಾನು ಸ್ತನದ ಗಾತ್ರ ಕಡಿಮೆ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಹದಿನಾರನೇ ವಯಸ್ಸಿನಿಂದ ಹೆಗಲ ಮೇಲೆ ಬ್ರಾ ಪಟ್ಟಿಯ ಗುಳಿ, ಬೇಸಿಗೆಯಲ್ಲಿ ಎದೆಯ ಕೆಳಗೆ ಬೆವರುಸಾಲೆ, ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತರೆ ಕುತ್ತಿಗೆ ನೋವು. ಇಷ್ಟಾದರೂ ವಿಮೆಯವರು ಇದನ್ನು 'ಸೌಂದರ್ಯ ಚಿಕಿತ್ಸೆ' ಎಂದು ಬರೆದು ಕಡತ ಮುಚ್ಚಿದರು. ಊರಲ್ಲಿ ಅತ್ತೆಯವರಿಗೆ ಪಿತ್ತಕೋಶದ ಕಲ್ಲು ತೆಗೆಸಿದೆವು ಎಂದು ಹೇಳಿದೆವು. ಗಂಡನಿಗೆ ಮತ್ತು ನನ್ನ ಅವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ನೋವು ಹೋಯಿತು. ಹೆಗಲು ಹಗುರಾಯಿತು. ಆದರೆ ಬ್ಯಾಂಡೇಜ್ ಬಿಚ್ಚಿದ ದಿನ ಕನ್ನಡಿಯಲ್ಲಿ ಕಂಡದ್ದಕ್ಕೆ ನಾನು ಸಿದ್ಧಳಾಗಿರಲಿಲ್ಲ. ತೊಟ್ಟಿನ ಸುತ್ತ ಒಂದು ವೃತ್ತ, ಅಲ್ಲಿಂದ ಕೆಳಕ್ಕೆ ಇಳಿದ ಒಂದು ಗೆರೆ, ಕೆಳಗಿನ ಮಡಿಕೆಯಲ್ಲಿ ಅಡ್ಡಕ್ಕೆ ಇನ್ನೊಂದು. ಹಡಗಿನ ಲಂಗರಿನ ಆಕಾರ. ಅದೂ ಎರಡೂ ಕಡೆ, ಕೆಂಪಗೆ, ಉಬ್ಬಿಕೊಂಡು. "ಇದು ಯಾವಾಗ ಹೋಗುತ್ತೆ ಡಾಕ್ಟರೇ?" ಎಂದು ಕೇಳಿದೆ. "ಹೋಗೋದಿಲ್ಲ, ಮಾಸುತ್ತೆ. ಒಂದೂವರೆ ವರ್ಷ ಕೊಡಿ," ಎಂದರು ಅವರು.

'ಹೋಗುವುದಿಲ್ಲ, ಮಾಸುತ್ತದೆ.' ಆ ಎರಡು ಮಾತುಗಳ ನಡುವೆ ಏನಿದೆ ಎಂದು ತಿಳಿಯಲು ಓದತೊಡಗಿದೆ. ನಾನು ವೈದ್ಯೆಯಲ್ಲ, ಎಂಟೆಕ್ ಮಾಡಿ ಸಾಫ್ಟ್‌ವೇರ್ ಬರೆಯುವವಳು. ಒಂದು ವ್ಯವಸ್ಥೆ ಯಾಕೆ ಹೀಗಿದೆ ಎಂದು ತಿಳಿಯಬೇಕಾದರೆ ಅದರ ಹಳೆಯ ಆವೃತ್ತಿಗಳನ್ನು ನೋಡುವುದು ನಮ್ಮ ವೃತ್ತಿಯ ಅಭ್ಯಾಸ. ನನ್ನ ಎದೆಯ ಮೇಲಿನ ಗೆರೆಗಳ ಹಳೆಯ ಆವೃತ್ತಿಗಳನ್ನು ಹುಡುಕುತ್ತ ಹೋದರೆ, ಅವು ನಮ್ಮ ನೆಲದಲ್ಲೇ ಸಿಕ್ಕವು.

ಸುಶ್ರುತನ ಅರವತ್ತು ಉಪಾಯಗಳು

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ವ್ರಣದಿಂದ, ಅಂದರೆ ಗಾಯದಿಂದ. ಅಲ್ಲಿ ಗಾಯಕ್ಕೆ ಮಾಡಬೇಕಾದ 60 ಉಪಕ್ರಮಗಳ ಪಟ್ಟಿಯಿದೆ. ಕೀವು ತೆಗೆಯುವುದು, ತೊಳೆಯುವುದು, ಹೊಲಿಯುವುದು ಇವೆಲ್ಲ ಇರುವುದು ಸಹಜ. ನನಗೆ ಅಚ್ಚರಿಯಾದದ್ದು ಪಟ್ಟಿಯ ಕೊನೆಯ ಭಾಗ. ಗಾಯ ವಾಸಿಯಾದ ಮೇಲೂ ವೈದ್ಯನ ಕೆಲಸ ಮುಗಿಯಲಿಲ್ಲ ಎನ್ನುತ್ತದೆ ಅದು. ತಗ್ಗಾದ ಕಲೆಯನ್ನು ಮೇಲಕ್ಕೆ ತರುವುದು 'ಉತ್ಸಾದನ', ಉಬ್ಬಿದ್ದನ್ನು ತಗ್ಗಿಸುವುದು 'ಅವಸಾದನ'. ಬೆಳ್ಳಗಾದ ಕಲೆಗೆ ಮತ್ತೆ ಬಣ್ಣ ತರುವುದು 'ಕೃಷ್ಣಕರ್ಮ', ಕಪ್ಪಾದ ಕಲೆಯನ್ನು ತಿಳಿಗೊಳಿಸುವುದು 'ಪಾಂಡುಕರ್ಮ'. ಕಲೆಯ ಮೇಲೆ ಕೂದಲು ಬೆಳೆಸುವುದಕ್ಕೂ, ಬೇಡದ ಕೂದಲು ತೆಗೆಯುವುದಕ್ಕೂ ಬೇರೆ ಬೇರೆ ಹೆಸರುಗಳಿವೆ.

ಕೃಷ್ಣಕರ್ಮಕ್ಕೆ ಹೇಳಿದ ಮುಖ್ಯ ವಸ್ತು ಭಲ್ಲಾತಕ, ನಮ್ಮ ಕರಿಗೇರು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಅದೇ ಕಾಯಿ. ಅದರ ರಸ ಚರ್ಮವನ್ನು ಸುಡುತ್ತದೆ, ದಯವಿಟ್ಟು ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ. ನನಗೆ ಇಲ್ಲಿ ಮುಖ್ಯವಾಗಿ ಕಂಡದ್ದು ಔಷಧವಲ್ಲ, ದೃಷ್ಟಿ. 'ಜೀವ ಉಳಿಯಿತಲ್ಲ, ಕಲೆಗೆ ಯಾಕೆ ಅಳುತ್ತೀ' ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಸುಮಾರು ಎರಡು ಸಾವಿರ ವರ್ಷ ಹಳೆಯ ಆ ಗ್ರಂಥ ಹಾಗೆ ಹೇಳುವುದಿಲ್ಲ. ಬಣ್ಣ ಮರಳುವುದೂ ವಾಸಿಯಾಗುವುದರ ಭಾಗ ಎಂದೇ ಅದು ಎಣಿಸುತ್ತದೆ.

ಪುಣೆಯ ಕುಂಬಾರ, ಕಾಚು ಮತ್ತು ತುಪ್ಪ

ಎರಡನೆಯ ಆವೃತ್ತಿ ಸಿಕ್ಕದ್ದು ನಾನು ವಾಸವಾಗಿರುವ ಊರಿನಲ್ಲೇ, ಅದರ ಇನ್ನೊಂದು ತುದಿ ನಮ್ಮ ಶ್ರೀರಂಗಪಟ್ಟಣದಲ್ಲಿ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠಿಗ ಟಿಪ್ಪುವಿನ ಸೈನ್ಯದ ಕೈಗೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಬಳಿ ಕುಂಬಾರ ಜಾತಿಯ ಒಬ್ಬ ವ್ಯಕ್ತಿ ಹೊಸ ಮೂಗು ಮಾಡಿಕೊಟ್ಟ. ಇದನ್ನು ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡರು. ಆ ವಿವರ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್'ನಲ್ಲಿ ಚಿತ್ರದ ಸಮೇತ ಅಚ್ಚಾಯಿತು.

ವಿಧಾನ ಹೀಗಿತ್ತು. ಮೇಣದ ತೆಳು ಹಾಳೆಯಿಂದ ಮೂಗಿನ ಅಳತೆ ತೆಗೆದು, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲೆ ಇಟ್ಟು ಗೆರೆ ಎಳೆಯುವುದು. ಆ ಗೆರೆಯಗುಂಟ ಹಣೆಯ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆ ಅಂಟಿಕೊಂಡಿರುವಂತೆ ಬಿಟ್ಟು, ಕೆಳಕ್ಕೆ ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸುವುದು. ಆ ಎಳೆಯ ಮೂಲಕ ರಕ್ತ ಹರಿಯುವುದರಿಂದ ಚರ್ಮ ಸಾಯುವುದಿಲ್ಲ. ಹೊಲಿಗೆಯ ಬದಲು ನೀರಲ್ಲಿ ಕಲಸಿದ ಕಾಚನ್ನು, ಹೌದು, ನಮ್ಮ ವೀಳ್ಯದ ಕಾಚನ್ನೇ, ಬಟ್ಟೆಯ ಪಟ್ಟಿಗಳಿಗೆ ಸವರಿ ಒಂದರ ಮೇಲೊಂದು ಅಂಟಿಸುತ್ತಿದ್ದರು. ನಾಲ್ಕು ದಿನದ ನಂತರ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಇಡುತ್ತಿದ್ದರು. ಸುಮಾರು 25ನೇ ದಿನ ಮಧ್ಯದ ಎಳೆಯನ್ನು ಕತ್ತರಿಸುತ್ತಿದ್ದರು.

ಆ ವರದಿಯ ಕೊನೆಗೆ, ಕಾಲ ಕಳೆದ ಮೇಲೆ ಹಣೆಯ ಮೇಲಿನ ಗಾಯದ ಗುರುತು ಅಷ್ಟಾಗಿ ಕಾಣುವುದಿಲ್ಲ ಎಂಬ ಅರ್ಥದ ಒಂದು ಮಾತಿದೆ. ಮೂಗು ಬಂದದ್ದು ಎಲ್ಲರಿಗೂ ಕಂಡಿತು. ಹಣೆಯ ಕಲೆ ಮಾಸಿತೇ ಎಂದು ಅಂದೂ ಯಾರೋ ಒಬ್ಬರು ಹತ್ತಿರದಿಂದ ನೋಡಿದ್ದರು. ಆ ಸಾಲು ಓದಿ ನನಗೆ ಸಮಾಧಾನವಾಯಿತು. ಇದೇ ವರದಿಯ ಜಾಡು ಹಿಡಿದು ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಮೂಗಿನ ಶಸ್ತ್ರಚಿಕಿತ್ಸೆ ಮಾಡಿ, 1816ರಲ್ಲಿ ಪುಸ್ತಕ ಬರೆದ. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಒಂದು ಬೇರು ಅಲ್ಲಿದೆ. ನನ್ನ ಶಸ್ತ್ರಚಿಕಿತ್ಸೆಯಲ್ಲೂ ತೊಟ್ಟನ್ನು ಪೂರ್ತಿ ಕತ್ತರಿಸಿ ತೆಗೆಯದೆ, ರಕ್ತನಾಳಗಳಿರುವ ಒಂದು ಭಾಗಕ್ಕೆ ಅಂಟಿಸಿಕೊಂಡೇ ಮೇಲಕ್ಕೆ ಸರಿಸುತ್ತಾರೆ. ಪುಣೆಯ ಕುಂಬಾರನಿಗೆ ಈ ಗುಟ್ಟು ಗೊತ್ತಿತ್ತು.

ಎಲ್ಲಿ ಕತ್ತರಿಸಬೇಕು?

ಕಲೆ ಕಾಣದಂತೆ ಮಾಡುವ ಮೊದಲ ಉಪಾಯ ಅದನ್ನು ಸರಿಯಾದ ಜಾಗದಲ್ಲಿ ಇಡುವುದು. 1861ರಲ್ಲಿ ವಿಯೆನ್ನಾದ ಅಂಗರಚನಾ ತಜ್ಞ ಕಾರ್ಲ್ ಲ್ಯಾಂಗರ್ ಶವಗಳ ಚರ್ಮಕ್ಕೆ ದುಂಡನೆಯ ದಬ್ಬಣದಂಥ ಉಪಕರಣದಿಂದ ಚುಚ್ಚಿ ನೋಡಿದ. ತೂತು ದುಂಡಗೆ ಉಳಿಯದೆ ಸೀಳಿನಂತೆ ಉದ್ದವಾಯಿತು. ದೇಹದ ಪ್ರತಿ ಭಾಗದಲ್ಲೂ ಈ ಸೀಳು ಒಂದು ನಿಶ್ಚಿತ ದಿಕ್ಕಿಗೆ ಹೊರಳಿತು. ಬಟ್ಟೆಗೆ ನೇರ ಎಳೆ, ಅಡ್ಡ ಎಳೆ ಇರುವ ಹಾಗೆ ಚರ್ಮಕ್ಕೂ ಎಳೆಯುಂಟು. ಅದರ ಜೊತೆಗೆ ಕೊಯ್ದರೆ ಗಾಯದ ಮೇಲೆ ಎಳೆತ ಕಡಿಮೆ, ಕಲೆ ತೆಳ್ಳಗೆ. ಅಡ್ಡಲಾಗಿ ಕೊಯ್ದರೆ ಎಳೆತ ಹೆಚ್ಚು, ಕಲೆ ಅಗಲ. ಸೀರೆ ಬ್ಲೌಸು ಹೊಲಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1882ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ಗೇಲಾರ್ಡ್ ಥಾಮಸ್, ಕ್ಯಾನ್ಸರ್ ಅಲ್ಲದ ಗಡ್ಡೆಗಳನ್ನು ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದು ತೆಗೆಯುವ ವಿಧಾನ ಹೇಳಿದ. ಗುರುತು ಮಡಿಕೆಯಲ್ಲಿ ಅಡಗುತ್ತದೆ. ಅಲ್ಲಿಯವರೆಗೆ ಗಡ್ಡೆ ಎಲ್ಲಿದೆಯೋ ಅಲ್ಲೇ ಕತ್ತರಿ. ಹೆಣ್ಣಿನ ಎದೆಯ ಮೇಲೆ ಗುರುತು ಉಳಿಯಬಾರದು ಎಂಬ ಯೋಚನೆ ಶಸ್ತ್ರಚಿಕಿತ್ಸೆಯ ಯೋಜನೆಯೊಳಗೇ ಬಂದ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ಮುಂದೆ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ದಾರವನ್ನು ಚರ್ಮದ ಮೇಲ್ಪದರದ ಕೆಳಗೇ ಓಡಿಸುವ ಅಡಗು ಹೊಲಿಗೆಯನ್ನು ರೂಢಿಗೆ ತಂದ. ಗೆರೆಯ ಎರಡೂ ಬದಿಗೆ ಕಾಣುತ್ತಿದ್ದ ಜರಿಹುಳದ ಕಾಲುಗಳಂಥ ಗುರುತು ಇದರಿಂದ ತಪ್ಪಿತು.

ಇಪ್ಪತ್ತನೇ ಶತಮಾನದ ಆರಂಭದ ಒಂದು ಹೆಸರನ್ನು ನಮ್ಮ ವೇದಿಕೆಯಲ್ಲಿ ಹೇಳಲೇಬೇಕು. ಪ್ಯಾರಿಸ್ಸಿನ ಸುಝಾನ್ ನೋಯೆಲ್, ಸೌಂದರ್ಯ ಶಸ್ತ್ರಚಿಕಿತ್ಸೆಯ ಮೊದಲ ವೈದ್ಯೆಯರಲ್ಲಿ ಒಬ್ಬಳು. 1926ರಲ್ಲಿ ಅವಳು ಬರೆದ ಪುಸ್ತಕ ಈ ಚಿಕಿತ್ಸೆಯ ಸಾಮಾಜಿಕ ಪಾತ್ರದ ಬಗ್ಗೆಯೇ ಇದೆ. ವಯಸ್ಸು ಕಂಡರೆ ಕೆಲಸ ಕಳೆದುಕೊಳ್ಳುವ ಹೆಂಗಸರು ಅವಳ ಬಳಿ ಬರುತ್ತಿದ್ದರು. ಅವಳು ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದವಳು, ಯುರೋಪಿನಲ್ಲಿ ಸೊರೊಪ್ಟಿಮಿಸ್ಟ್ ಮಹಿಳಾ ಸಂಘಗಳನ್ನು ಕಟ್ಟಿದವಳು. 'ಸೌಂದರ್ಯ' ಎಂಬ ಮಾತಿನ ಹಿಂದೆ ಅನ್ನದ ಪ್ರಶ್ನೆಯೂ ಇರಬಹುದು ಎಂದು ಅವಳು ಕಂಡಿದ್ದಳು. ನನ್ನ ವಿಮೆಯ ಕಡತದ ಮೇಲಿನ ಆ ಪದ ನೆನಪಾದಾಗಲೆಲ್ಲ ನನಗೆ ಇವಳೂ ನೆನಪಾಗುತ್ತಾಳೆ.

ಬ್ರಾ ಕಟಿಂಗಿನಿಂದ ಬಂದ ಗೆರೆ

ನನ್ನ ಲಂಗರಿನ ಆಕಾರದ ಮೂಲ ಕೊನೆಗೂ ಸಿಕ್ಕಿತು. 1956ರಲ್ಲಿ ಅಮೆರಿಕದ ರಾಬರ್ಟ್ ವೈಸ್ ಎಂಬ ಶಸ್ತ್ರವೈದ್ಯ ಒಂದು ನಮೂನೆ ಪ್ರಕಟಿಸಿದ. ಚಪ್ಪಟೆ ಬಟ್ಟೆಯನ್ನು ಕತ್ತರಿಸಿ ಹೊಲಿದು ದುಂಡು ಆಕಾರ ತರುವ ಬ್ರಾ ಕಟಿಂಗನ್ನೇ ನೋಡಿ, ಅದನ್ನು ಚರ್ಮದ ಮೇಲೆ ಗುರುತು ಹಾಕಲು ಬಳಸಿದ. ಅದುವರೆಗೆ ವೈದ್ಯರ ಅಂದಾಜಿಗೆ ಬಿಟ್ಟದ್ದು ಈಗ ಅಳತೆಯ ಕೆಲಸವಾಯಿತು. ಎರಡೂ ಕಡೆ ಸಮವಾಗಿ ಬರತೊಡಗಿತು. ಬೆಲೆಯೆಂದರೆ ಲಂಗರಿನಂಥ ಉದ್ದನೆಯ ಕಲೆ. ಇಂದಿಗೂ ಹೆಚ್ಚು ತೆಗೆಯಬೇಕಾದಾಗ ಇದೇ ನಮೂನೆ. ಮಾರ್ಕರ್ ಪೆನ್ನಿನಿಂದ ಡಾಕ್ಟರು ನನ್ನ ಮೇಲೆ ಗೆರೆ ಎಳೆಯುತ್ತಿದ್ದಾಗ ಹುಬ್ಬಳ್ಳಿಯ ದುರ್ಗದಬೈಲಿನ ಟೇಲರ್ ಅಂಗಡಿಯ ಸೀಮೆಸುಣ್ಣ ನೆನಪಾಗಿತ್ತು. ಆ ನೆನಪು ಸುಳ್ಳಾಗಿರಲಿಲ್ಲ.

ಕಲೆಯನ್ನು ಕಡಿಮೆ ಮಾಡುವ ಪ್ರಯತ್ನ ಅಲ್ಲಿಗೇ ನಿಲ್ಲಲಿಲ್ಲ. ಫ್ರಾನ್ಸಿನ ಕ್ಲೋದ್ ಲಾಸ್ಯೂ 1970ರ ಹೊತ್ತಿಗೆ ಅಡ್ಡ ಗೆರೆ ಬಿಟ್ಟು ಉದ್ದ ಗೆರೆಯೊಂದನ್ನೇ ಉಳಿಸುವ ವಿಧಾನ ತಂದ. 1990ರ ದಶಕದಲ್ಲಿ ಬ್ರಸೆಲ್ಸ್‌ನ ಮ್ಯಾಡಲೀನ್ ಲೆಜೂರ್ ಅದನ್ನು ಬೆಳೆಸಿದಳು. 1999ರಲ್ಲಿ ಕೆನಡಾದ ಎಲಿಜಬೆತ್ ಹಾಲ್-ಫಿಂಡ್ಲೆ ಅದನ್ನು ಇನ್ನಷ್ಟು ಸರಳ ಮಾಡಿದಳು. ಗೆರೆ ಅಳಿಸುವ ಈ ಕೆಲಸದಲ್ಲಿ ಇಬ್ಬರು ಹೆಂಗಸರು ಮುಂದೆ ನಿಂತದ್ದು ಗಮನಿಸಬೇಕಾದ ಸಂಗತಿ.

ಸಿಲಿಕೋನ್: ಒಳಗೂ ಹೊರಗೂ

1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಎಂಬ ಮಹಿಳೆ ಎದೆಯ ಮೇಲಿನ ಗುಲಾಬಿ ಹಚ್ಚೆ ತೆಗೆಸಲು ಆಸ್ಪತ್ರೆಗೆ ಬಂದಳು. ಗುರುತು ಅಳಿಸಲು ಬಂದವಳಿಗೆ ವೈದ್ಯರಾದ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಹೊಸ ಪ್ರಯೋಗವೊಂದರಲ್ಲಿ ಸೇರುತ್ತೀಯಾ ಎಂದು ಕೇಳಿದರು. ಅವಳು ಜಗತ್ತಿನ ಮೊದಲ ಸಿಲಿಕೋನ್ ಸ್ತನ ಇಂಪ್ಲಾಂಟ್ ಪಡೆದವಳಾದಳು.

ಸುಮಾರು ಎರಡು ದಶಕಗಳ ನಂತರ ಇದೇ ಸಿಲಿಕೋನ್ ಕಲೆಗಳ ಔಷಧವಾಗಿ ಬಂತು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಸುಟ್ಟ ಗಾಯದ ಮಕ್ಕಳ ಕಲೆಗಳ ಮೇಲೆ ಬಿಗಿ ಬಟ್ಟೆ ಕಟ್ಟುವಾಗ ಮೆತ್ತಗಿರಲೆಂದು ಸಿಲಿಕೋನ್ ಜೆಲ್ ಇಡುತ್ತಿದ್ದರು. ಜೆಲ್ ಇದ್ದ ಕಡೆ ಕಲೆ ಮೆತ್ತಗಾಗಿ ತಗ್ಗಿತು. 1980ರ ದಶಕದ ಆರಂಭದಲ್ಲಿ ಅವರು ಇದನ್ನು ಪ್ರಕಟಿಸಿದರು. ಸಿಲಿಕೋನ್ ಚರ್ಮದೊಳಗೆ ಇಳಿದು ಕೆಲಸ ಮಾಡುವುದಿಲ್ಲ. ಅದು ಹೊಸ ಚರ್ಮದ ತೇವ ಆರದಂತೆ ಮುಚ್ಚಿಡುತ್ತದೆ. ತೇವ ಆರಿದರೆ ಒಳಗಿನ ಜೀವಕೋಶಗಳು ಗಾಯ ಇನ್ನೂ ತೆರೆದಿದೆ ಎಂಬಂತೆ ಕೊಲಾಜನ್ ನಾರನ್ನು ನೇಯುತ್ತಲೇ ಇರುತ್ತವೆ. ತೇವ ಉಳಿದರೆ ಆ ಅವಸರ ತಗ್ಗುತ್ತದೆ.

ತೇವದ ಮಹತ್ವ ಅದಕ್ಕೂ ಮೊದಲೇ ತಿಳಿದಿತ್ತು. 1962ರಲ್ಲೇ ಲಂಡನ್ನಿನ ಜಾರ್ಜ್ ವಿಂಟರ್, ಹಂದಿಗಳ ಗಾಯವನ್ನು ತೆಳು ಹಾಳೆಯಿಂದ ಮುಚ್ಚಿದರೆ ಗಾಳಿಗೆ ಬಿಟ್ಟದ್ದಕ್ಕಿಂತ ಸುಮಾರು ಎರಡರಷ್ಟು ವೇಗವಾಗಿ ಹೊಸ ಚರ್ಮ ಬರುತ್ತದೆ ಎಂದು ತೋರಿಸಿದ್ದ. 'ಗಾಯ ಗಾಳಿಗೆ ಬಿಡು, ಒಣಗಲಿ' ಎಂದು ನಾವು ಬೆಳೆದದ್ದು. ತುಪ್ಪದ ಬಟ್ಟೆ ಇಟ್ಟ ಪುಣೆಯ ಕುಂಬಾರ ಹಾಗೆ ಬಿಟ್ಟಿರಲಿಲ್ಲ.

ನಮ್ಮ ಬಣ್ಣದ ಚರ್ಮ

ಉಬ್ಬಿ ಗಾಯದ ಗಡಿ ದಾಟಿ ಬೆಳೆಯುವ ಕಲೆಗೆ 'ಕೆಲಾಯ್ಡ್' ಎಂದು ಹೆಸರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರೆಂಚ್ ವೈದ್ಯ ಆಲಿಬೇರ್ ಅದನ್ನು ಏಡಿಯ ಕೊಂಡಿಗೆ ಹೋಲಿಸಿ ಹೆಸರಿಟ್ಟ. ಎದೆಯ ನಡುಭಾಗ, ಹೆಗಲು, ಕಿವಿಯ ಹಾಲೆ ಇದಕ್ಕೆ ಇಷ್ಟವಾದ ಜಾಗಗಳು. ಕಂದು, ಕಪ್ಪು ಚರ್ಮದವರಲ್ಲಿ ಇದು ಹೆಚ್ಚು, ಮನೆತನದಲ್ಲೂ ಬರುತ್ತದೆ. ಕಿವಿ ಚುಚ್ಚಿಸಿದಾಗ ಗಂಟು ಬಂದವರು ನಮ್ಮಲ್ಲಿ ಎಷ್ಟು ಜನರಿಲ್ಲ! ಅಂಥವರು ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ಆ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು. 1960ರ ದಶಕದಿಂದ ಇದಕ್ಕೆ ಕಲೆಯೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ರೂಢಿಯಿದೆ. 2002ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಕೊಟ್ಟ ಸಲಹೆಗಳಲ್ಲಿ, ಸಾಕಷ್ಟು ಆಧಾರವಿದೆ ಎಂದು ಒಪ್ಪಿದ ಚಿಕಿತ್ಸೆಗಳು ಸಿಲಿಕೋನ್ ಹಾಳೆ ಮತ್ತು ಈ ಇಂಜೆಕ್ಷನ್.

ಲೇಸರ್ ಕಥೆ ಬೇರೆ. 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್, ಸರಿಯಾದ ಬಣ್ಣದ ಬೆಳಕನ್ನು ಸರಿಯಾದಷ್ಟೇ ಹೊತ್ತು ಬಿಟ್ಟರೆ ಸುತ್ತಲಿನ ಚರ್ಮ ಸುಡದೆ ಬೇಕಾದದ್ದನ್ನು ಮಾತ್ರ ಕಾಯಿಸಬಹುದು ಎಂದು ತೋರಿಸಿದರು. 1995ರಲ್ಲಿ ಟೀನಾ ಆಲ್‌ಸ್ಟರ್ ಮತ್ತು ಸಂಗಡಿಗರು, ಹೃದಯ ಶಸ್ತ್ರಚಿಕಿತ್ಸೆಯಾದವರ ಎದೆಯ ಕಲೆಯ ಅರ್ಧಕ್ಕೆ ಮಾತ್ರ 585 ನ್ಯಾನೋಮೀಟರಿನ ಲೇಸರ್ ಹಾಕಿ, ಉಳಿದರ್ಧಕ್ಕೆ ಹೋಲಿಸಿ, ಕೆಂಪು ಮತ್ತು ಉಬ್ಬು ಇಳಿಯುವುದನ್ನು ವರದಿ ಮಾಡಿದರು. 2004ರಲ್ಲಿ ಚರ್ಮದ ಮೇಲೆ ಸೂಜಿಮೊನೆಯಷ್ಟು ಚುಕ್ಕಿಗಳಲ್ಲಿ ಬೆಳಕು ಬಿಡುವ ಫ್ರಾಕ್ಷನಲ್ ಲೇಸರ್ ಬಂತು.

ಆದರೆ ಕಂದು ಚರ್ಮದ ಮೆಲನಿನ್ ಕೂಡ ಆ ಬೆಳಕನ್ನು ಹೀರುತ್ತದೆ. ಲೆಕ್ಕ ತಪ್ಪಿದರೆ ಕಲೆ ಹೋಗಿ ಕಪ್ಪು ಮಚ್ಚೆ ಬರುತ್ತದೆ. ಚರ್ಮದ ಬಗೆ ಹೇಳಲು ಜಗತ್ತೆಲ್ಲ ಬಳಸುವ ಫಿಟ್ಸ್‌ಪ್ಯಾಟ್ರಿಕ್ ಮಾಪಕ 1975ರಲ್ಲಿ ಬಂದಾಗ ಅದರಲ್ಲಿದ್ದದ್ದು ಬಿಳಿ ಚರ್ಮದ ನಾಲ್ಕು ಬಗೆಗಳು. ಕಂದು ಮತ್ತು ಕಪ್ಪು ಚರ್ಮ ಐದು, ಆರನೆಯವಾಗಿ ಆಮೇಲೆ ಸೇರಿದವು. ಅಪೂರ್ಣ ಡೇಟಾದ ಮೇಲೆ ಕಟ್ಟಿದ ಪ್ರೋಗ್ರಾಮ್ ಹೇಗಿರುತ್ತದೆ ಎಂದು ನನ್ನ ವೃತ್ತಿಯವರಿಗೆ ಗೊತ್ತು. ಆದ್ದರಿಂದ ಲೇಸರ್ ಬೇಕೆನಿಸಿದರೆ, ನಮ್ಮಂಥ ಚರ್ಮದವರಿಗೆ ಚಿಕಿತ್ಸೆ ಕೊಟ್ಟ ಅನುಭವ ಎಷ್ಟಿದೆ ಎಂದು ಕೇಳಿಯೇ ಮುಂದುವರಿಯಿರಿ.

ನಾನು ಮಾಡಿದ್ದು

ನನ್ನ ಪಾಲಿಗೆ ಬಂದದ್ದು ಸರಳ ಕ್ರಮ. ಹೊಲಿಗೆ ಪೂರ್ತಿ ಕೂಡಿಕೊಂಡ ಮೇಲೆ ದಿನಕ್ಕೆ 12 ಗಂಟೆಗೂ ಹೆಚ್ಚು ಸಿಲಿಕೋನ್ ಹಾಳೆ, ಮೂರು ತಿಂಗಳು. ಡಾಕ್ಟರು ಹೇಳಿದ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ನೀವುವುದು. ಗುರುತಿಗೆ ಬಿಸಿಲು ಬೀಳದಂತೆ ನೋಡಿಕೊಳ್ಳುವುದು. ಗೆಳತಿಯೊಬ್ಬಳು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚು ಎಂದಳು. 1999ರಲ್ಲಿ ಮಯಾಮಿಯ ವೈದ್ಯರು 15 ಜನರ ಮೇಲೆ ಅದನ್ನು ಪರೀಕ್ಷಿಸಿ ನೋಡಿದ್ದರು. ಕಲೆಗೆ ಉಪಯೋಗ ಕಾಣಲಿಲ್ಲ, ಮೂರರಲ್ಲಿ ಒಬ್ಬರಿಗೆ ಚರ್ಮದ ಅಲರ್ಜಿಯಾಯಿತು. ನಾನು ಹಚ್ಚಲಿಲ್ಲ.

ಮೊದಲ ಮೂರು ತಿಂಗಳು ಗೆರೆಗಳು ಇನ್ನೂ ಕೆಂಪಾದವು. ಇದು ಯಾರಾದರೂ ಮೊದಲೇ ಹೇಳಿದ್ದರೆ ಅಷ್ಟು ರಾತ್ರಿ ಅಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ದೇಹ ಅವಸರದಲ್ಲಿ ಹಾಕಿದ ತೆಳು ಕೊಲಾಜನ್ನನ್ನು ಬಿಚ್ಚಿ, ಗಟ್ಟಿಯಾದದ್ದನ್ನು ನೇಯುತ್ತಿರುತ್ತದೆ. ಈ ಕೆಲಸ ಒಂದರಿಂದ ಒಂದೂವರೆ ವರ್ಷ ನಡೆಯುತ್ತದೆ. ಎಲ್ಲ ಮುಗಿದ ಮೇಲೂ ಆ ಜಾಗಕ್ಕೆ ಬರುವುದು ಮೊದಲಿನ ಚರ್ಮದ ಸುಮಾರು 80 ಪ್ರತಿಶತ ಬಲ ಮಾತ್ರ. ಡಾಕ್ಟರು 'ಹೋಗೋದಿಲ್ಲ' ಎಂದದ್ದು ಇದಕ್ಕೆ. ಇವತ್ತು ನನ್ನ ಅಡ್ಡ ಗೆರೆ ಮಡಿಕೆಯಲ್ಲಿ ಸೇರಿಹೋಗಿದೆ, ವೃತ್ತ ಹೆಚ್ಚುಕಡಿಮೆ ಕಾಣುವುದಿಲ್ಲ. ಎಡಗಡೆಯ ಉದ್ದ ಗೆರೆ ಮಾತ್ರ ಇನ್ನೂ ಸ್ವಲ್ಪ ಕಪ್ಪಗಿದೆ. ತುರಿಕೆ, ನೋವು ಹೆಚ್ಚಾದರೆ, ಗೆರೆ ತನ್ನ ಗಡಿ ದಾಟಿ ಬೆಳೆಯತೊಡಗಿದರೆ ಕಾಯಬೇಡಿ, ಚರ್ಮವೈದ್ಯರಿಗೆ ತೋರಿಸಿ.

ಇದನ್ನು ಸಂಪಾದಕಿಯವರಿಗೆ ಕಳಿಸುವ ಮೊದಲು ಒಂದು ಕೆಲಸ ಬಾಕಿಯಿತ್ತು. ನಮ್ಮ ಸಂಚಿಕೆ ವಾಟ್ಸಪ್ಪಿನಲ್ಲಿ ಊರೂರು ಸುತ್ತುತ್ತದೆ, ಹುಬ್ಬಳ್ಳಿಗೂ ಹೋಗುತ್ತದೆ. ಕಳೆದ ವಾರ ಅತ್ತೆಯವರು ಇಲ್ಲಿಗೆ ಬಂದಿದ್ದರು. ಮಧ್ಯಾಹ್ನ ಅವಲಕ್ಕಿ ತಿನ್ನುತ್ತ ಕೂತಾಗ, ಪಿತ್ತಕೋಶದ ಕಲ್ಲು ಸುಳ್ಳು ಎಂದು ಶುರುಮಾಡಿ ಎಲ್ಲ ಹೇಳಿದೆ. ಅವರು ತಟ್ಟೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮೊದಲ ಹೇಳಬಾರದಾಗಿತ್ತೇನವಾ? ಒಂದ ತಿಂಗಳ ಬಂದ ಇರತಿದ್ದೆ. ಕೈ ಮ್ಯಾಲೆತ್ತಲಿಕ್ಕೆ ಬರದಾಗ ತಲಿ ಯಾರ ಬಾಚಿದರು?"

ಅವ್ವ ವಾಪಸ್ ಹೋದ ಮೇಲೆ ಯಾರೂ ಬಾಚಿರಲಿಲ್ಲ, ಎರಡು ವಾರ ಕೂದಲು ಹಾಗೇ ಗಂಟು ಕಟ್ಟಿಕೊಂಡು ಆಫೀಸಿನ ಕರೆಗಳಿಗೆ ಕ್ಯಾಮೆರಾ ಮುಚ್ಚಿ ಕೂತಿದ್ದೆ ಎಂದು ಹೇಳಿದೆ. ಆಮೇಲೆ ಅವರು, "ಎಡಕ್ಕ ಇನ್ನೂ ಕರ್ರಗದ ಅಂದಿ. ಉರೀತದೇನು?" ಎಂದು ಕೇಳಿದರು. ಇಲ್ಲ ಎಂದೆ. "ಹಂಗಾರ ಬಿಡು," ಎಂದು ತಟ್ಟೆ ಮತ್ತೆ ಕೈಗೆತ್ತಿಕೊಂಡರು.

ಸಿಡುಬಿನ ಲಸಿಕೆಯ ಲೇಖನ ಮುಂದಿನ ವರ್ಷಕ್ಕೆ ಇರಲಿ.